ಕೋಡಂಗಿಯ ಹೊಟ್ಟೆಯೊಳಗಿನ ಪೀಂ

"ಹತ್ತಿರದಲ್ಲೇ ಇದೆ" ಎಂದು ಮೊಬೈಲಿನ ಪರದೆ ಮತ್ತೆ ತೋರಿಸಿತು.

"ಹತ್ತಿರ ಅಂದ್ರೆ ಎಲ್ಲಿ? ನನ್ನ ತಲೆ ಮೇಲಾ?" ನಾಟಕ ಕಂಪನಿಯ ಬಟ್ಟೆ ಹೊಲಿಯುವ ಅಕ್ಕ ಅದನ್ನೇ ಗದರಿದಳು.

ರಂಗದ ಪಕ್ಕದ ಇಕ್ಕಟ್ಟಿನಲ್ಲಿ ರಾಜನ ವೇಷದವನು ಎರಡೂ ಕೈ ಎತ್ತಿ ನಿಂತಿದ್ದ. ಅವನ ನಿಲುವಂಗಿಯ ಜಿಪ್ಪು ಒಳಬಟ್ಟೆಯನ್ನು ಕಚ್ಚಿಕೊಂಡಿತ್ತು. ಬಟ್ಟೆ ಕತ್ತರಿಸದೆ ಅದು ಬಿಡುವಂತಿರಲಿಲ್ಲ, ಕತ್ತರಿಯೇ ಕಾಣುತ್ತಿರಲಿಲ್ಲ. ಕತ್ತರಿ ದಿನಾ ಕಳೆಯುತ್ತದೆಂದೇ ಮಗಳು ಅದರ ಹಿಡಿಗೆ ಬಿಳಿ ಬ್ಲೂಟೂತ್ ಬಿಲ್ಲೆಯೊಂದನ್ನು ಕಟ್ಟಿಕೊಟ್ಟಿದ್ದಳು. ಮೊಬೈಲು ಒತ್ತಿದರೆ ಬಿಲ್ಲೆ 'ಪೀಂ' ಎನ್ನುತ್ತದೆ, ಸದ್ದಿನ ಜಾಡು ಹಿಡಿದು ಹೋದರಾಯಿತು.

"ಬೇಗ ಅಕ್ಕಾ, ಮುಂದಿನ ಸೀನು ನಂದೇ."

"ಅಲ್ಲೀತನಕ ಸೋತ ರಾಜನ ಹಾಗೆ ನಿಂತಿರು."

ಬಾಯಿ ಹಾಗೆಂದರೂ ಅಕ್ಕನ ಜೀವವೆಲ್ಲ ರಂಗದ ಮೇಲಿತ್ತು. ಅಲ್ಲಿ ಅವಳ ಗಂಡ, ಕಂಪನಿಯ ಕೋಡಂಗಿ, ಕತ್ತೆಯಂತೆ ಅರಚುತ್ತಿದ್ದ. ಸಭೆಯಲ್ಲಿ ಯಾರೋ ಕೆಮ್ಮಿದರು. ಕೆಮ್ಮಿನಲ್ಲೇ ಹೆಚ್ಚು ಕಳೆಯಿತ್ತು. "ಇವತ್ತೂ ಯಾರೂ ನಗಲಿಲ್ಲ ಅಂದ್ರೆ ನಾಳೆಯಿಂದ ಬಾಗಿಲಲ್ಲಿ ಟಿಕೆಟ್ ಹರೀತಾ ಕೂತ್ಕೊಳ್ಳಿ ಸ್ವಾಮಿ" ಎಂದು ಮ್ಯಾನೇಜರು ಬೆಳಿಗ್ಗೆಯೇ ಹೇಳಿಯಾಗಿತ್ತು. ಆಗಿನಿಂದ ಗಂಡನಿಗೆ ತುತ್ತು ಇಳಿದಿರಲಿಲ್ಲ.

ಅಕ್ಕ ಇನ್ನೊಮ್ಮೆ ಒತ್ತಿದಳು.

ಪೀಂ.

ಸದ್ದು ಬಟ್ಟೆಬುಟ್ಟಿಯಿಂದ ಬರಲಿಲ್ಲ. ಪೆಟ್ಟಿಗೆಯಿಂದಲೂ ಅಲ್ಲ. ರಂಗದಿಂದ, ಗಂಡನ ಹೊಟ್ಟೆಯಿಂದ ಬಂತು.

ಅವಳಿಗೆ ಆಗ ನೆನಪಾಯಿತು. ಹೆಬ್ಬೆರಳಿಗೆ ಒತ್ತುತ್ತದೆಂದು ಬಿಲ್ಲೆಯನ್ನು ಕತ್ತರಿಯಿಂದ ಬಿಚ್ಚಿ ಗುಂಡಿಯ ಡಬ್ಬಿಗೆ ಎಸೆದವಳು ತಾನೇ. ಸಂಜೆ ಕೋಡಂಗಿಯ ಕೋಟಿನ ಗುಂಡಿ ಕಿತ್ತುಹೋಗಿದೆಯೆಂದು, ಮಬ್ಬು ಬೆಳಕಿನಲ್ಲಿ ಕೈಗೆ ಸಿಕ್ಕ ದುಂಡನೆಯ ತೂತಿನ ವಸ್ತುವನ್ನು ಹೊಲಿದವಳೂ ತಾನೇ! ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವರುಂಟು. ಇವಳು ಕೂಸನ್ನು ಗಂಡನ ಹೊಟ್ಟೆಗೇ ಹೊಲಿದು ಕಳಿಸಿದ್ದಳು.

ಕೋಡಂಗಿ ಅರಚುವುದನ್ನು ನಿಲ್ಲಿಸಿ ಹೊಟ್ಟೆ ನೋಡಿಕೊಂಡ. ಮೆಲ್ಲಗೆ ಕೇಳಿದ: "ಏನಪ್ಪಾ, ಊಟ ಆಗಿಲ್ವಾ?"

ಮುಂದಿನ ಸಾಲಿನಲ್ಲಿ ಒಂದು ಮಗು ಕಿಸಕ್ಕೆಂದಿತು. ಅವನು ಓರೆಗಣ್ಣಲ್ಲಿ ಪಕ್ಕಕ್ಕೆ ನೋಡಿದ. ಹೆಂಡತಿಯ ಕೈಯ ಮೊಬೈಲು ಕಂಡಿತು. ಅವನ ಹುಬ್ಬು ಒಂದು ಕೂದಲೆಳೆಯಷ್ಟು ಮೇಲೇರಿತು. ಆ ಹುಬ್ಬಿನ ಭಾಷೆ ಅವಳಿಗೆ ಮದುವೆಯಾದಂದಿನಿಂದ ಗೊತ್ತು. ಒತ್ತಿದಳು.

ಪೀಂ.

"ಬೆಳಿಗ್ಗೆಯಿಂದ ಇಲ್ವಂತೆ! ಯಾರೋ ಬೈದ್ರಂತೆ!" ಥೇಟ್ ಮ್ಯಾನೇಜರನ ಗಂಟಲಲ್ಲಿ ಹೊಟ್ಟೆಗೆ ಗದರಿದ: "ಸುಮ್ನಿರ್ತೀರೋ, ಟಿಕೆಟ್ ಹರೀತೀರೋ ಸ್ವಾಮಿ?"

ಪೀಂ ಪೀಂ.

ಸಭೆ ಘೊಳ್ಳೆಂದಿತು. ಉಬ್ಬಿಹೋದ ಕೋಡಂಗಿ ಕುಣಿಯುತ್ತ ರಂಗದ ಆಚೆಯ ತುದಿಗೆ ಓಡಿದ. ಅಕ್ಕ ಒತ್ತಿದಳು. ಸದ್ದಿಲ್ಲ. "ಸಂಪರ್ಕ ಸಿಗುತ್ತಿಲ್ಲ" ಎಂದಿತು ಮೊಬೈಲು. ಇವಳು ಮುಂದೆ ಹೋಗುವಂತಿಲ್ಲ, ಸಂಪರ್ಕ ಕಡಿದದ್ದು ಅವನಿಗೆ ತಿಳಿಯದು. ಹೊಟ್ಟೆಯ ಮೇಲಿನ ಗುಂಡಿ ಒತ್ತಿ ಕಾಯುತ್ತಿದ್ದಾನೆ, ಸಭೆಯೂ ಕಾಯುತ್ತಿದೆ. ನಗು ತೆಳ್ಳಗಾಗತೊಡಗಿತು. ಅಕ್ಕನ ಬೆರಳು ಬೆವತು ಗಾಜಿನ ಮೇಲೆ ಜಾರಿತು.

ಪೀಂ!

ಮೊಬೈಲು ಇನ್ನೂ "ಸಂಪರ್ಕ ಸಿಗುತ್ತಿಲ್ಲ" ಎನ್ನುತ್ತಲೇ ಇತ್ತು. ಗಂಡನ ತುಟಿ ಅಲುಗಿರಲಿಲ್ಲ. ಗಂಟಲ ಹುರಿ ಮಾತ್ರ ಚೂರು ಕುಣಿದಿತ್ತು. ಆಮೇಲೆ ಹಸಿದ ಪೀಂ, ಮುನಿದ ಪೀಂ, ಆಕಳಿಸುವ ಪೀಂ, ಅತ್ತೆಗೆ ಹೆದರುವ ಅಳಿಯನ ಪೀಂ, ಒಂದರ ಬಾಲ ಹಿಡಿದು ಇನ್ನೊಂದು ಬಂತು. ಜನ ಹೊಟ್ಟೆ ಹಿಡಿದುಕೊಂಡರು. ರಾಜ ಎತ್ತಿದ ಕೈ ಇಳಿಸುವುದನ್ನೂ ಮರೆತು ನಕ್ಕ. ನಕ್ಕ ರಭಸಕ್ಕೆ ಜಿಪ್ಪು ಕಚ್ಚಿದ್ದ ಒಳಬಟ್ಟೆ ಪರ್ರನೆ ಹರಿದು ತಾನೇ ಬಿಡುಗಡೆಯಾಯಿತು.

ಮ್ಯಾನೇಜರು ಕಣ್ಣೊರೆಸಿಕೊಳ್ಳುತ್ತ ಅಕ್ಕನ ಬಳಿ ಬಂದರು. "ನನ್ನ ಗಂಟಲು ಅಷ್ಟು ಕೆಟ್ಟದಾಗಿದ್ಯೇನಮ್ಮ?"

"ಇಲ್ಲ ಸಾರ್, ಅವರು ಸ್ವಲ್ಪ ಕಮ್ಮಿನೇ ಮಾಡಿದ್ರು."

"ಇರ್ಲಿ ಬಿಡು. ಟಿಕೆಟ್ ಹರಿಯೋಕೆ ಬೇರೆ ಯಾರನ್ನಾದ್ರೂ ಹುಡುಕ್ತೀನಿ."

ನಾಟಕ ಮುಗಿದು ಜನ ಹೊರಬೀಳುತ್ತಿದ್ದರು. ಬಾಗಿಲ ಬಳಿ ಪುಟ್ಟ ಹುಡುಗಿಯೊಬ್ಬಳು, ತನ್ನನ್ನು ಎತ್ತಿಕೊಂಡಿದ್ದ ಅಪ್ಪನ ಅಂಗಿಯ ಗುಂಡಿಯನ್ನು ಬೆರಳಿನಿಂದ ಒತ್ತಿ ಕಾದಳು. ಟೈ ಕಟ್ಟಿದ್ದ ಆ ಗಂಭೀರ ಮನುಷ್ಯ ಆಚೆ ಈಚೆ ನೋಡಿದ. ಆಮೇಲೆ ಕೆನ್ನೆಯುಬ್ಬಿಸಿ, ಬಲು ಮೆಲ್ಲಗೆ, "ಪೀಂ" ಎಂದ.