ಮೊದಲು ಒಡೆಯರದ್ದು

“ಕದ್ದು ಬರ್ದೆ ಅಂತ ಒಪ್ಕಂಡ್ರೆ ನಿನ್ನಪ್ಪನ ಗಂಟೇನು ಹೋಗ್ತದೆ ರಂಡೆ? ಸುಬ್ಬಿ ಹೊಟ್ಟೇಲಿ ಹುಟ್ಟಿದ್ದಕ್ಕೆ ಕಾವ್ಯಶ್ರೀ ಅಂತ ಹೆಸರೊಂದು ಕೇಡು.”

ವಿಶ್ವೇಶ್ವರ ಹೆಗಡೇರು ಅಡಿಕೆ ಸುಲಿಯುವ ಚಪ್ಪರದ ಬಾಯಲ್ಲಿ ನಿಂತು ಬಯ್ಯುತ್ತಿದ್ದರು. ನಾನು ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುತ್ತಿದ್ದೆ. ಪಕ್ಕದಲ್ಲಿ ಅವ್ವ ಸುಬ್ಬಿ, ಅವಳಾಚೆ ನಮ್ಮ ಹಾಗೇ ಕೂಲಿಗೆ ಬರುವ ಪಾರ್ವತವ್ವ. ಯಾರೂ ಕೈ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅದಕ್ಕೂ ಒಂದು ಬೈಗುಳ ಬೀಳುತ್ತದೆ.

ನಾನೂ ಹೆಗಡೇರ ಮಗ ನಂದನನೂ ಶಿರಸಿಯ ಕಾಲೇಜಿನಲ್ಲಿ ಒಂದೇ ಕ್ಲಾಸು, ಬಿಎ ಕೊನೇ ವರ್ಷ. ಪಾಠದ ವಿಡಿಯೋ, ನೋಟ್ಸು, ಅಂಕಕ್ಕೆ ಸೇರುವ ಬರಹ ಎಲ್ಲ ಈಗ ಫೋನಿನ ಆ್ಯಪಿನಲ್ಲೇ. ನಮ್ಮ ಬಿಡಾರದಲ್ಲಿ ಸಿಗ್ನಲ್ಲಿನ ಒಂದು ಕಡ್ಡಿಯೂ ಬರುವುದಿಲ್ಲ. ಹೆಗಡೇರ ಮನೆಯ ವೈಫೈ ಚಪ್ಪರದ ತನಕ ಬರುತ್ತದೆ. “ಇಲ್ಲೇ ಕೂತ್ಕಂಡು ಓದ್ಕ, ಪುಣ್ಯ ನಂಗೂ ಬರ್ಲಿ” ಎಂದು ಅವರೇ ಪಾಸ್‌ವರ್ಡ್ ಹಾಕಿಕೊಟ್ಟಿದ್ದರು. ಆ ಪುಣ್ಯಕ್ಕೆ ಬಾಡಿಗೆ ಇದೆ. ನಂದನನ ಪಾಠ ನಾನು ನೋಡಬೇಕು, ನಂದನನ ಬರಹ ನಾನು ಬರೆಯಬೇಕು. ಅವನು ಆಗ ಕ್ರಿಕೆಟ್ಟಿಗೆ ಹೋಗಿರುತ್ತಾನೆ. ನಮ್ಮ ಕಡೆ ಕೆಲಸದ ರೀತಿಯೇ ಹಾಗೆ: ನಾಟಿಯಾಗಲಿ ಕೊಯ್ಲಾಗಲಿ ಮೊದಲು ಒಡೆಯರದ್ದು, ಉಳಿದ ಹೊತ್ತಿನಲ್ಲಿ ನಮ್ಮದು. ಓದಿಗೂ ಅದೇ ಕಟ್ಟಳೆ ಬಂತು.

ಕಳೆದ ವಾರ ಸಮಾಜಶಾಸ್ತ್ರದ ಸರ್, ನಿಮಗೆ ಗೊತ್ತಿರುವ ಒಬ್ಬ ಕೂಲಿಯವರ ಬದುಕನ್ನು ಬರೆದು ಹಾಕಿ ಅಂದಿದ್ದರು. ನಾನು ಅವ್ವನ ಬಗ್ಗೆ ಬರೆದೆ. ಬರೆಯುತ್ತ ಅತ್ತೆ, ಸುಳ್ಳೇಕೆ ಹೇಳಲಿ. ಅದರಲ್ಲೇ ಹೊತ್ತು ಹೋಯಿತು, ಬರಹ ಹಾಕಲು ಅದೇ ಕೊನೇ ದಿನ. ಹೆಗಡೇರು ವೈಫೈ ಆರಿಸುವ ಹೊತ್ತು ಬಂದರೂ ನಂದನನದ್ದು ಬರೆದಾಗಿರಲಿಲ್ಲ. ನನ್ನದನ್ನೇ ಮೊದಲು ಅವನ ಹೆಸರಿಗೆ ಹಾಕಿದೆ, ಆಮೇಲೆ ನನ್ನ ಹೆಸರಿಗೆ. ಬೇರೆ ವಿಷಯವಾಗಿದ್ದರೆ ನಾಲ್ಕು ಸಾಲು ತಿರುಚಿ ಹಾಕುತ್ತಿದ್ದೆ. ಅವ್ವನನ್ನು ಎಲ್ಲಿಂದ ತಿರುಚಲಿ?

ನಕಲು ಹಿಡಿಯುವ ಸಾಫ್ಟ್‌ವೇರ್ ತಡವಾಗಿ ಬಂದವಳನ್ನೇ ಕಳ್ಳಿ ಅಂದಿತು. ನಂದನನ ಹೆಸರಿನದನ್ನು ಸರ್ ಕ್ಲಾಸಿನಲ್ಲಿ ಓದಿ ಹೇಳಿದರು. “ಕೂಲಿಯವಳನ್ನು ‘ನನ್ನ ಅವ್ವ’ ಅಂತ ಬರೆದಿದ್ದಾನೆ ನೋಡಿ, ಇದಪ್ಪ ಮನುಷ್ಯತ್ವ” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲ ಉರಿಯಿತು. ಭಾನುವಾರದ ಆನ್‌ಲೈನ್ ಕ್ಲಾಸಿನಲ್ಲಿ ಎಲ್ಲರೆದುರು ನಾನು ತಪ್ಪೊಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದಾಯಿತು. ಆ ಭಾನುವಾರ ಇವತ್ತು.

“ಒಡ್ಯಾ, ಬರ್ದದ್ದು ನಾನೇಯ” ಅಂದೆ.

“ಗೊತ್ತು ಮಾರಾಯ್ತಿ. ಯಾರು ಇಲ್ಲ ಅಂದ್ರು? ನಂದನನ ಹೆಸರು ಹಾಳಾಗ್ಬಾರ್ದು, ಅಷ್ಟೆ. ನಿಂಗೆ ಎಂತಕ್ಕೆ ಮಾನ? ಓದಿ ಮುಗಿದ ಮೇಲೂ ಅಡಿಕೆ ಸುಲಿಯೂದೇ ಅಲ್ದಾ?” ಹೆಗಡೇರು ಅವ್ವನ ಕಡೆ ತಿರುಗಿದರು. “ಸುಬ್ಬಿ, ನಿಮ್ಮ ಬಿಡಾರ ಯಾರ ಜಾಗದಲ್ಲಿ ಅದೆ ಅಂತ ಮಗಳಿಗೆ ಹೇಳಿದ್ಯೋ ಇಲ್ವೋ?”

ಅವ್ವ ತಲೆ ಎತ್ತಲಿಲ್ಲ. “ಹೇಳ್ಬಿಡೆ ಮಗಾ. ಬಾಯಿ ಮಾತು. ನಾವು ಎಷ್ಟ್ ನುಂಗಿಲ್ಲ.”

“ಹ್ಞೂಂ ಅಂದ್ಬಿಡೆ” ಅಂದಳು ಪಾರ್ವತವ್ವ. “ನಿಮ್ಮವ್ವನ ಹೊಟ್ಟೆ ಮೇಲೆ ಕಲ್ಲು ಹಾಕ್ಬೇಡ.”

ಅವ್ವನ ಮೇಲೆ ಸಿಟ್ಟು ಬಂತು. ಆಮೇಲೆ ನನ್ನ ಮೇಲೇ ಬಂತು. ಎಷ್ಟು ಸಿಟ್ಟು ಬಂದರೇನು, ಬಿಡಾರವನ್ನು ತಲೆ ಮೇಲೆ ಹೊತ್ತುಕೊಂಡು ಹೋಗಲಾಗುತ್ತದೆಯೇ?

ಕ್ಲಾಸು ಶುರುವಾಯಿತು. ಫೋನನ್ನು ಅಡಿಕೆ ಚೀಲಕ್ಕೆ ಒರಗಿಸಿ ಇಟ್ಟೆ. ನಂದನ ಮನೆಯೊಳಗೆ ತನ್ನ ಫೋನು ಹಿಡಿದು ಕೂತಿದ್ದ. ಹೆಗಡೇರು ಸರ್‌ಗೆ ಕಾಣದ ಹಾಗೆ ನನ್ನೆದುರು ಬಂದು ನಿಂತರು.

“ಹೇಳು ಕಾವ್ಯಶ್ರೀ, ಕಾಪಿ ಮಾಡಿದ್ದು ಹೌದಲ್ಲ?” ಅಂದರು ಸರ್.

ಹೌದು ಸರ್ ಅನ್ನಲು ಬಾಯಿ ತೆರೆದೆ. ಪಕ್ಕದಲ್ಲಿ ಸುಲಿಯುತ್ತಿದ್ದ ಅವ್ವನ ಕೈಯನ್ನೇ ನೋಡುತ್ತ ಕೂತೆ. ಸರ್‌ಗೆ ಬೇಜಾರಾಗಿರಬೇಕು.

“ಕಾಪಿ ಮಾಡುವಾಗ ಓದಿಯಾದರೂ ನೋಡಿದೆಯೇನಮ್ಮ? ಆ ಹೆಂಗಸು ಯಾರು ಅಂತ ನಿನಗೇನು ಗೊತ್ತು?”

ನಾನು ಫೋನ್ ಎತ್ತಿ ಅವ್ವನ ಕಡೆ ತಿರುಗಿಸಿದೆ. “ಇವಳೇ ಸರ್. ಯಾರ ಅವ್ವ ಅಂತ ನೀವೇ ಕೇಳಿ.”

ಅವ್ವ ಬೆಚ್ಚಿ ಸೆರಗು ಎಳೆದುಕೊಂಡಳು. ಹೆಗಡೇರು ಕಣ್ಣಲ್ಲೇ ಗದರಿಸಿದರು. ಅವ್ವ ಅವರನ್ನು ನೋಡಿದಳು, ಫೋನನ್ನು ನೋಡಿದಳು. ಆಗ ಅವಳು ಇಲ್ಲ ಅಂದಿದ್ದರೂ ನಾನು ಅವಳನ್ನು ದೂರುತ್ತಿರಲಿಲ್ಲ.

“ನನ್ ಮಗ್ಳು ಮಾಸ್ತರ್ರೆ” ಅಂದಳು. “ಬರ್ದದ್ದೂ ಇದೇಯ.”

“ತಮಾ, ಎಂತ ನೋಡ್ತೆ? ಆ ವೈಫೈ ಪ್ಲಗ್ ಕಿತ್ತಾಕು” ಎಂದು ಹೆಗಡೇರು ಮನೆಯೊಳಗಿದ್ದ ನಂದನನಿಗೆ ಕೂಗಿದರು.

ಸರ್ ಮುಖ ಅರ್ಧ ಬಾಯಿ ತೆರೆದು ಹಾಗೇ ನಿಂತಿತು. ಆಮೇಲೆ ಪರದೆ ಕಪ್ಪಾಯಿತು. ಅವರಿಗೆ ಅವ್ವನ ಮಾತು ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.

“ಇವತ್ತೇ ಬಿಡಾರ ಕೀಳಿಸ್ತೆ, ನೋಡ್ತಿರು” ಅನ್ನುತ್ತಿದ್ದರು ಹೆಗಡೇರು. ಅವ್ವ ಎದ್ದು ಫೋನಿನ ಹತ್ತಿರ ಬಂದಳು. ಆ ಕಡೆ ಯಾರೂ ಇಲ್ಲ ಎಂದು ಅವಳಿಗೆ ತಿಳಿದಿರಲಿಲ್ಲ.

“ಇವ್ರ ಹುಡ್ಗಂಗೆ ಬರ್ದು ಕೊಡೂದೂ ಇದೇಯ, ಮಾಸ್ತರ್ರೆ. ಅಡಿಕೆ ಸುಲ್ದು ಕೈ ನೋಯ್ತಿದ್ರೂ ಬರೀತದೆ. ಊಟ ಬಿಟ್ಟು ಬರೀತದೆ. ನಾ ಬಾಯಿ ಬಿಡ್ಲಿಲ್ಲ. ಇವ್ರ ಜಾಗ, ಎಂತ ಮಾಡೂದು. ಬೇಕಾರೆ ಈ ಪಾರ್ವತಕ್ಕನ್ನ ಕೇಳಿ…”

ಒಡೆಯರ ಎದುರು ಅವಳು ಇಷ್ಟು ಮಾತಾಡಿದ್ದನ್ನು ನಾನು ಕಂಡೇ ಇರಲಿಲ್ಲ. ಲೈನು ಕಡಿದಿದೆ ಎಂದು ಅವಳಿಗೆ ಹೇಳಲಿಲ್ಲ. ಫೋನನ್ನು ಅವಳ ಮುಖದ ಮುಂದೆ ಹಿಡಿದುಕೊಂಡೇ ನಿಂತೆ.