ಗಡಿಯಾರಕ್ಕೆ ಅಡ್ಡ ಬಂದ ಬಲೂನು

ಆ ಮನೆಯಲ್ಲಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳಬೇಕಾದವಳು ಕಿರಿಯ ಸೊಸೆ. ಅವಳು ಏಳದೆ ಉಳಿದವರು ಬಚ್ಚಲಿಗೆ ಹೋಗುವಂತಿರಲಿಲ್ಲ. ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಂಥ ಜಾಗದಲ್ಲೇ ಅವಳು, ಅವಳ ಗಂಡ, ದಿನೇ ದಿನೇ ಎತ್ತರವಾಗುತ್ತಿದ್ದ ಮಗಳು ಹಾಸಿಗೆ ಹಾಸಿಕೊಳ್ಳುತ್ತಿದ್ದುದು. ಇದ್ದೊಂದು ಕೋಣೆ ಭಾವನ ಸಂಸಾರಕ್ಕೆ, ಪಡಸಾಲೆ ಅತ್ತೆ-ಮಾವನಿಗೆ. ದಾಟುವವರ ಕಾಲು ತಗುಲದಿರಲೆಂದು ಮಗಳು ಈಚೆಗೆ ನಿದ್ದೆಯಲ್ಲೂ ಮುದುಡಿಕೊಂಡೇ ಇರುವುದನ್ನು ಕಲಿತಿದ್ದಳು.

ಉಳಿದ ದಾರಿಯೆಂದರೆ ತಾರಸಿಯ ಮೇಲೊಂದು ಕೋಣೆ. ಆದರೆ ತಾರಸಿಯ ಹಿಂದೆ ಹಳೆಯ ಗಡಿಯಾರ ಗೋಪುರವಿತ್ತು. ಹೊಳೆಯ ಮೆಟ್ಟಿಲ ಮೇಲೆ ನಿಂತವರಿಗೆ ಆ ಗಡಿಯಾರ ಇಡಿಯಾಗಿ ಕಾಣಬೇಕು, ನಡುವೆ ಯಾವ ಕಟ್ಟಡವೂ ಅಡ್ಡ ಬರಬಾರದು ಎಂಬುದು ನಗರಸಭೆಯ ಕಟ್ಟಳೆ. ಆ ಕಟ್ಟಳೆ ನೋಡಿಕೊಳ್ಳುವ ವಿಭಾಗದಲ್ಲೇ ಅವಳಿಗೆ ನಕ್ಷೆ ಬರೆಯುವ ಕೆಲಸ. ತಾನೇ ಹಾಕಿದ ಬೇಲಿಯೊಳಗೆ ತಾನೇ ಸಿಕ್ಕಿಬಿದ್ದಿದ್ದಳು.

ಎತ್ತರ ನೋಡಲು ಅವರು ಬಲೂನು ಹಾರಿಸುತ್ತಿದ್ದರು. ಕಟ್ಟಬೇಕೆಂದಿರುವ ಎತ್ತರವನ್ನು ಹಗ್ಗದಲ್ಲಿ ಅಳೆದು ಕೆಂಪು ಬಟ್ಟೆಯ ಗುರುತು ಕಟ್ಟುವುದು. ಗುರುತು ತಾರಸಿಯ ನೆಲ ಮುಟ್ಟುವ ತನಕ ಬಲೂನನ್ನು ಮೇಲೆ ಬಿಡುವುದು. ವಿಭಾಗದ ಸಾಹೇಬರು ಹೊಳೆಯ ಮೆಟ್ಟಿಲ ಮೇಲೆ ನಿಂತು ನೋಡುವುದು. ಬಲೂನು ಗಡಿಯಾರಕ್ಕೆ ಅಡ್ಡ ಬಂತೋ, ಕಥೆ ಮುಗಿಯಿತು. ಒಂದು ಮನೆಗೆ ಒಂದೇ ಬಲೂನು, ಎರಡನೆಯ ಅವಕಾಶವಿಲ್ಲ. ಎದುರು ಮನೆಯ ಬೇಕರಿಯವನ ಮಹಡಿ ಹೋದ ವರ್ಷ ಹಾಗೇ ನಿಂತುಹೋಗಿತ್ತು.

ಆದ್ದರಿಂದ ಅವಳು ತನ್ನ ಕೋಣೆಯನ್ನು ಕುಳ್ಳಗೆ ಬರೆದಿದ್ದಳು, ಬಾಗಿಲಲ್ಲಿ ತಲೆ ತಗ್ಗಿಸಬೇಕಾಗುವಷ್ಟು. ಕೆಲಸದಿಂದ ಬರುವಾಗ ಎಷ್ಟೋ ಸಂಜೆ ಮೆಟ್ಟಿಲ ಮೇಲೆ ನಿಂತು, ಕಣ್ಣು ಕಿರಿದಾಗಿಸಿ ಅಂದಾಜು ಹಾಕಿದ್ದಳು. ಗಡಿಯಾರದ ಕೆಳಗೆ ಕೂದಲೆಳೆಯಷ್ಟು ಜಾಗ ಉಳಿಯುತ್ತಿತ್ತು. ಅಷ್ಟು ಸಾಕು.

ಹಗ್ಗ ಹಿಡಿಯುವವನ ಕಾಲು ಉಳುಕಿದ್ದರಿಂದ ಆ ಕೆಲಸವೂ ಅವಳ ಪಾಲಿಗೇ ಬಂತು. "ನೋಡೋನು ನಾನಲ್ವೇನಮ್ಮಾ? ಹಗ್ಗ ಯಾರು ಹಿಡಿದ್ರೇನು? ನೀವಂತೂ ಮೋಸ ಮಾಡೋರಲ್ಲ," ಎಂದಿದ್ದರು ಸಾಹೇಬರು. ಗಾಳಿ ಏಳುವ ಮೊದಲೇ ಮುಗಿಯಬೇಕಾದ ಕೆಲಸ. ಹಿಂದಿನ ಸಂಜೆಯೇ ಹಗ್ಗವನ್ನು ಮನೆಗೆ ತಂದು, ಗುರುತು ಕಟ್ಟಿ, ಪಡಸಾಲೆಯ ಮೊಳೆಗೆ ತಗುಲಿಸಿದ್ದಳು.

ಬೆಳಿಗ್ಗೆ ಅತ್ತೆಯೂ ತಾರಸಿ ಹತ್ತಿದರು. ಎದುರಿನ ತಾರಸಿಯಲ್ಲಿ ಬೇಕರಿಯವನು ಕೈಕಟ್ಟಿ ನಿಂತಿದ್ದ.

"ಏನಕ್ಕಾ, ನಿಮ್ಮ ಬಲೂನಾದ್ರೂ ಹೇಳಿದ ಮಾತು ಕೇಳುತ್ತಾ? ನನ್ನದು ಬನ್ನಿನ ಹಾಗೆ ಉಬ್ಬಿಬಿಡ್ತು!"

"ನಿನ್ನ ಕಣ್ಣು ಬೀಳದಿದ್ರೆ ಸಾಕಪ್ಪಾ," ಎಂದರು ಅತ್ತೆ. "ಹೋಗು, ಒಲೆಯಲ್ಲಿ ಬ್ರೆಡ್ಡು ಸೀದೀತು."

ಬಲೂನು ಏರಿತು. ಕೆಂಪು ಬಟ್ಟೆ ನೆಲಕ್ಕೆ ಬಂದಾಗ ಸೊಸೆ ಹಗ್ಗವನ್ನು ಕಾಲಲ್ಲಿ ಒತ್ತಿ ಹಿಡಿದು ಫೋನು ಕಿವಿಗಿಟ್ಟಳು.

"ಗುರುತಿಗೆ ಬಂತು ಸರ್."

"ಅಡ್ಡ ಬಂತಲ್ಲಮ್ಮಾ. ಗಡಿಯಾರ ಅರ್ಧ ಮುಚ್ಚಿಹೋಗಿದೆ."

ಅವಳು ಬಗ್ಗಿ ಕೆಂಪು ಬಟ್ಟೆ ನೋಡಿದಳು. ಆ ಗಂಟು ಅವಳದಲ್ಲ. ಎರಡು ಸುತ್ತು ಬಿಗಿದು ತುದಿಗಳನ್ನು ಒಳಕ್ಕೆ ಸಿಕ್ಕಿಸುವುದು ಆ ಮನೆಯಲ್ಲಿ ಒಬ್ಬರೇ. ಫೋನಿಗೆ ಅಂಗೈ ಮುಚ್ಚಿದಳು.

"ಅತ್ತೆ, ಇದನ್ನ ಮುಟ್ಟಿದ್ರಾ?"

"ಎರಡು ಮೊಳ ಮುಂದಕ್ಕೆ ಕಟ್ಟಿದೆ ಕಣೇ," ಅತ್ತೆ ಪಿಸುಗುಟ್ಟಿದರು. ಮುಖದ ತುಂಬ ಹೆಮ್ಮೆ. "ನೀನೋ ಬಾಯಿಲ್ಲದವಳು, ಗೂಡಿನಂಥ ಕೋಣೆ ಕೇಳಿದ್ದೀ. ಬಲೂನು ಹೋದಷ್ಟು ಎತ್ತರ ಕಟ್ಟೋಕೆ ಬಿಡ್ತಾರಲ್ವಾ? ಮೊಮ್ಮಗಳು ತಲೆ ಎತ್ಕೊಂಡು ಓಡಾಡ್ಲಿ ಅಂತ."

ಅವಳು ಅತ್ತೆಗೆ ಬೆನ್ನು ತಿರುಗಿಸಿ, ದನಿ ತಗ್ಗಿಸಿ ಫೋನಿನಲ್ಲಿ ಹೇಳಿದಳು.

"ಸರ್, ಗುರುತು ತಪ್ಪಾಗಿದೆ. ಎರಡು ಮೊಳ ಇಳಿಸ್ತೀನಿ, ಇನ್ನೊಂದ್ಸಲ ನೋಡಿ."

"ಅಡ್ಡ ಬಂತು ಅಂದ್ಮೇಲೆ ಇಳಿಸೋದಾ? ಬೇಕರಿಯವನು ನೋಡ್ತಿದ್ದಾನಾ?"

ಅವಳು ತಲೆ ಎತ್ತಿದಳು. ಅವನು ರೆಪ್ಪೆ ಕೂಡ ಮಿಟುಕಿಸದೆ ಹಗ್ಗವನ್ನೇ ನೋಡುತ್ತಿದ್ದ.

"ನೋಡ್ತಿದ್ದಾನೆ ಸರ್."

"ಅವನಿಗೆ ಒಂದು ನ್ಯಾಯ, ನಿಮಗೊಂದು ನ್ಯಾಯ ಅಂದ್ರೆ ಏನು ಹೇಳ್ಲಿ? ಗುರುತು ಕಟ್ಟಿದ್ದು ಯಾರು?"

ಅತ್ತೆ ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡುತ್ತಿದ್ದರು, ಮಕ್ಕಳ ಹಾಗೆ ಬಾಯಿ ತೆರೆದುಕೊಂಡು.

"ನಾನೇ ಸರ್. ಅಳತೆ ತಪ್ಪಿತು."

"ನಿಮ್ಮ ಕೈಯೇ ತಪ್ಪಿದ್ರೆ ನಾನೇನು ಮಾಡ್ಲಿ ತಾಯಿ," ಎಂದ ಸಾಹೇಬರ ದನಿ ಕುಗ್ಗಿತ್ತು. "ಅಡ್ಡ ಅಂತಲೇ ಬರೀತೀನಿ." ಫೋನು ನಿಂತಿತು.

ಅವಳು ಹಗ್ಗ ಎಳೆಯತೊಡಗಿದಳು. ಎರಡು ಮೊಳ ಎಳೆದು ಕೈ ತಡೆದಳು. ಬಲೂನು ತನ್ನ ಸರಿಯಾದ ಎತ್ತರದಲ್ಲಿ, ಕೋಣೆಯ ಮಾಡು ಇರಬೇಕಾದಲ್ಲಿ, ಅಲುಗದೆ ನಿಂತಿತು. ಮೆಟ್ಟಿಲ ಮೇಲಿಂದ ನೋಡಲು ಈಗ ಯಾರೂ ಇರಲಿಲ್ಲ.

"ಅಯ್ಯೋ, ಯಾಕೆ ಇಳಿಸ್ತೀ?" ಎಂದರು ಅತ್ತೆ. "ಇನ್ನೊಂದು ಚೂರು ಹೊತ್ತು ಮೇಲಿರಲಿ, ಊರೆಲ್ಲ ನೋಡ್ಲಿ. ಕೆಲಸ ಯಾವತ್ತು ಶುರು ಅಂದ್ರು?"

ಕೆಳಗಿನಿಂದ ಓರಗಿತ್ತಿಯ ಕೂಗು ಬಂತು: "ಲೇ, ನಿನ್ನ ಮಗಳು ಇನ್ನೂ ಎದ್ದಿಲ್ಲ. ಬಚ್ಚಲಿಗೆ ಹೋಗೋದು ಹೇಗೇ?"

"ದಾಟಿಕೊಂಡು ಹೋಗಿ ಅಕ್ಕಾ," ಎಂದಳು ಸೊಸೆ. "ಅವಳು ಕಾಲು ಮಡಚ್ಕೊಂಡೇ ಮಲಗಿರ್ತಾಳೆ."