ನಸುಹಳದಿ ಪುಡಿ

ನಾಲ್ಕನೇ ಸಲವೂ ರೂಟೈಲೇ ಬಂತು. ನನಗೆ ಬೇಕಾಗಿದ್ದದ್ದು ಅನಟೇಸ್. ಎರಡೂ ಅದೇ ಟೈಟಾನಿಯಂ ಆಕ್ಸೈಡು, ಪರಮಾಣುಗಳು ಜೋಡಣೆಯಾಗುವ ಬಗೆ ಮಾತ್ರ ಬೇರೆ. ಐನೂರು ಡಿಗ್ರಿಯಲ್ಲಿ ಹದವಾಗಿ ಕಾಯಿಸಿದರೆ ಅನಟೇಸ್ ಆಗಿ, ಕಣದೊಳಗಿನ ಸೂಕ್ಷ್ಮ ರಂಧ್ರಗಳೂ ಉಳಿಯುತ್ತವೆ. ಶಾಖ ಮಿತಿಮೀರಿತೋ, ರೂಟೈಲ್ ಆಗಿ ರಂಧ್ರಗಳೆಲ್ಲ ಮುಚ್ಚಿಹೋಗುತ್ತವೆ. ಅಂದಮೇಲೆ ತಪ್ಪು ಕುಲುಮೆಯವರದ್ದೇ ಎಂದು ತೀರ್ಮಾನಿಸಿಬಿಟ್ಟೆ.

ಕುಲುಮೆ ನೋಡಿಕೊಳ್ಳುವವರನ್ನು ಲ್ಯಾಬಿನಲ್ಲಿ ಎಲ್ಲರೂ ಮೇಷ್ಟ್ರು ಅನ್ನುತ್ತೇವೆ.

"ಐನೂರಕ್ಕೇ ಇಟ್ಟಿದ್ದು ನೋಡಮ್ಮ. ಆಮೇಲೆ ಮುಟ್ಟೇ ಇಲ್ಲ," ಅಂದರು.

"ಹಾಗಾದ್ರೆ ಪುಡಿಗೇ ಬುದ್ಧಿ ಕೆಟ್ಟಿತ್ತಾ?"

ನನಗೆ ಮೂಗಿನ ತುದಿಯಲ್ಲೇ ಕೋಪ. ನೇರವಾಗಿ ನಿರ್ದೇಶಕರಿಗೆ ದೂರು ಬರೆದುಕೊಟ್ಟೆ. ಸೋಮವಾರದಿಂದ ಮೇಷ್ಟ್ರನ್ನು ಉಗ್ರಾಣಕ್ಕೆ ಹಾಕುವುದೆಂದು ಆಯಿತು. ಇಪ್ಪತ್ತಾರು ವರ್ಷ ಕುಲುಮೆ ಮುಂದೆ ನಿಂತವರು ಇನ್ನು ಖಾಲಿ ಬಾಟಲಿ ಜೋಡಿಸಿಕೊಂಡಿರಬೇಕು.

ಲ್ಯಾಬಿನ ಸಿಂಕು ಕಟ್ಟಿಕೊಂಡು ತಿಂಗಳಾಗಿತ್ತು. ಯಾರಿಗೆ ಹೇಳಿದರೂ ನಾಳೆ, ನಾಳೆ. ಹಾಗಾಗಿ ಪುಡಿ ಕಾಯಿಸುವ ಪಿಂಗಾಣಿ ಬಟ್ಟಲುಗಳನ್ನು ಮನೆಗೆ ತಂದು ತೊಳೆಯುತ್ತಿದ್ದೆ. ಶನಿವಾರ ಅಡುಗೆಮನೆಗೆ ಹೋದರೆ, ನಾನು ತೊಳೆದಿಟ್ಟ ಬಟ್ಟಲನ್ನು ಅಮ್ಮ ಉಕ್ಕಿನ ನಾರಿನಿಂದ ಗಸಗಸ ತಿಕ್ಕುತ್ತಿದ್ದಳು.

"ಅಮ್ಮಾ! ಏನ್ ಮಾಡ್ತಿದ್ದೀಯಾ?"

"ನೀನು ತೊಳೆದ್ರೂ ತಳದಲ್ಲಿ ಕಲೆ ಹಾಗೇ ಇರುತ್ತಲ್ಲೇ. ಆಸಿಡ್ ಮುಟ್ಟಿ ಮುಟ್ಟಿ ನಿನ್ನ ಕೈ ಬೇರೆ ಬಿರುಕು ಬಿಟ್ಟಿದೆ. ತಿಂಗಳಿಂದ ನಾನೇ ಇನ್ನೊಂದ್ಸಲ ತಿಕ್ಕಿ ಇಡ್ತಿದ್ದೀನಿ."

ತಲೆ ತಲೆ ಚಚ್ಚಿಕೊಳ್ಳುವಂತಾಯಿತು. ನಾರಿನ ಕಬ್ಬಿಣ ಬಟ್ಟಲಿಗೆ ಹತ್ತಿ, ಪುಡಿ ಮಾಡಲು ನಾನು ಸುರಿದ ಆಮ್ಲದ ದ್ರಾವಣದಲ್ಲಿ ಕರಗಿ, ಪುಡಿಯೊಳಗೆ ಸೇರಿತ್ತು. ಕಬ್ಬಿಣ ಸೇರಿದರೆ ಕಡಿಮೆ ಶಾಖಕ್ಕೇ ರೂಟೈಲ್ ಆಗುತ್ತದೆ. ಬೆಳ್ಳಗಿರಬೇಕಾದ ಪುಡಿ ನಸುಹಳದಿಯಾಗಿದ್ದನ್ನು ನಾಲ್ಕು ಸಲ ಕಣ್ಣಾರೆ ಕಂಡೂ ಮೇಷ್ಟ್ರ ಮೇಲೆ ಹಾರಾಡಿದ್ದೆನಲ್ಲ, ನನಗೆ ಏನು ಹೇಳಬೇಕು! ಅಮ್ಮನ ಕೈಯಿಂದ ನಾರನ್ನು ಮೆಲ್ಲಗೆ ತೆಗೆದುಕೊಂಡೆ.

ಭಾನುವಾರ ಹೊಸ ಬಟ್ಟಲಿನಲ್ಲಿ, ಅದೇ ಕುಲುಮೆಯಲ್ಲಿ ನಾನೇ ಕಾಯಿಸಿದೆ. ಪುಡಿ ಪರೀಕ್ಷಿಸುವ ಎಕ್ಸ್‌ರೇ ಯಂತ್ರ ಅಪ್ಪಟ ಅನಟೇಸ್ ಅಂತ ತೋರಿಸಿತು.

ಸೋಮವಾರ ಬೆಳಿಗ್ಗೆ ದೂರು ವಾಪಸ್ ತೆಗೆದುಕೊಳ್ಳಲು ಹೋದೆ. ಉಗ್ರಾಣದ ಬೀಗದ ಕೈ ಹಿಡಿದು ಮೇಷ್ಟ್ರು ಆಗಲೇ ನಿರ್ದೇಶಕರ ಕೋಣೆಯಲ್ಲಿ ನಿಂತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ ನಿರ್ದೇಶಕರು ಕನ್ನಡಕ ತೆಗೆದಿಟ್ಟರು.

"ಕುಲುಮೆ ಕುಲುಮೆ ಅಂತ ನನ್ನ ಪ್ರಾಣ ತಿಂದ್ರಲ್ರೀ. ಈ ಬಟ್ಟಲಿಗೆ ಉಕ್ಕಿನ ನಾರು ಮುಟ್ಟಿಸಬಾರದು ಅಂತ ನಿನ್ನೆ ಮೊನ್ನೆ ಸೇರಿದವರಿಗೂ ಗೊತ್ತು. ಯಾರ್ರೀ ತಿಕ್ಕಿದ್ದು?"

"ನಾನೇ ಸರ್," ಅಂದೆ.

ಮೇಷ್ಟ್ರು ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ನನ್ನ ಕಡೆ ತಿರುಗಿಯೂ ನೋಡದೆ, ಕುಲುಮೆಯ ಕೋಣೆಗೆ ಹೋದರು.